ಮೆಸ್ಸಿನ ಮರಾಠಿ ಬಂತು, ಸೆಮಿನಾರಿನ ಇಂಗ್ಲಿಷ್ ಯಾಕೆ ಬರಲ್ಲ?

ಪ್ರಶ್ನೆ: ಮೇಡಂ, ನಾನು ಇಂಡಿ ತಾಲೂಕಿನವಳು. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಪಿಯುಸಿ, ಬಿಎಸ್‌ಸಿ ಹೆಸರಿಗೆ ಇಂಗ್ಲಿಷ್. ಆದರೆ ಪಾಠ ಎಲ್ಲ ಕನ್ನಡದಲ್ಲೇ ನಡೆಯುತ್ತಿತ್ತು. ಈಗ ಪುಣೆಯಲ್ಲಿ ಎಂಎಸ್‌ಸಿ ಕೆಮಿಸ್ಟ್ರಿ ಮೊದಲ ವರ್ಷ. ಕ್ಲಾಸಿನಲ್ಲಿ ಹೇಳಿದ್ದು ಅರ್ಥ ಆಗುತ್ತದೆ, ಪುಸ್ತಕ ಓದಿದರೂ ಅರ್ಥ ಆಗುತ್ತದೆ, ಆದರೆ ಬಾಯಿ ತೆರೆದರೆ ಮಾತು ಬರುವುದಿಲ್ಲ. ಮೆಸ್ಸಿನಲ್ಲಿ, ಬಸ್ಸಿನಲ್ಲಿ ಮರಾಠಿ ಎಂಟು ತಿಂಗಳಲ್ಲಿ ಬಂತು. ಇಂಗ್ಲಿಷ್ ಹದಿನೈದು ವರ್ಷ ಓದಿದರೂ ಬರಲಿಲ್ಲ. ಆರು ವಾರಕ್ಕೆ ಸೆಮಿನಾರ್ ಇದೆ, ವಿಷಯ ಝಿಯೊಲೈಟ್ ಕ್ಯಾಟಲಿಸ್ಟ್, ಅಂದರೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುವ ಒಂದು ಬಗೆಯ ಖನಿಜ. ಹನ್ನೆರಡು ಸಾವಿರ ಕೊಟ್ಟು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಲಾ? ಗ್ರಾಮರ್ ಮೊದಲಿನಿಂದ ಓದಲಾ? ಕನ್ನಡ ಮೀಡಿಯಂ ಓದಿದ್ದೇ ತಪ್ಪಾಯಿತಾ?

ಉತ್ತರ: ತಂಗಿ, ‘ನೀನು’ ಅಂತಲೇ ಬರೆಯುತ್ತೇನೆ. ನನ್ನ ಕ್ಲಾಸಿನಲ್ಲಿ ಕೂರುವ ಹುಡುಗಿಯರ ವಯಸ್ಸು ನಿನ್ನದು. ನಾನು ಪುಣೆಯಲ್ಲಿ ಇಂಗ್ಲಿಷ್ ಕಲಿಸಲು ಶುರು ಮಾಡಿ 26 ವರ್ಷ ಆಯಿತು. ನಾನೂ ಧಾರವಾಡ ಜಿಲ್ಲೆಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದವಳು.

ನಿನ್ನ ಪತ್ರದಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಮರಾಠಿಯ ಮಾತು. ನೀನು ಅದನ್ನು ದುಃಖದಲ್ಲಿ ಬರೆದಿದ್ದೀಯ. ನನಗೆ ಅದರಲ್ಲೇ ಉತ್ತರ ಕಾಣಿಸಿತು. ಎಂಟು ತಿಂಗಳಲ್ಲಿ ಒಂದು ಭಾಷೆ ಕಲಿತವಳಿಗೆ ‘ನನಗೆ ಭಾಷೆ ಹತ್ತುವುದಿಲ್ಲ’ ಎನ್ನುವ ಹಕ್ಕಿಲ್ಲ. ಹಾಗಾದರೆ ಮರಾಠಿ ಯಾಕೆ ಬಂತು, ಇಂಗ್ಲಿಷ್ ಯಾಕೆ ಬರಲಿಲ್ಲ ಎಂದು ನೋಡೋಣ.

ಮೆಸ್ಸಿನಲ್ಲಿ ನೀನು ದಿನಾ ಹೇಳುವ ಮಾತು ತಗೋ. ‘ಮಾವಶಿ, ಮಲಾ ಆಣಖೀ ಏಕ್ ಪೋಳೀ ಪಾಹಿಜೆ.’ ಮಾವಶಿ ಅಂದರೆ ಚಿಕ್ಕಮ್ಮ. ಮಲಾ ಅಂದರೆ ನನಗೆ. ಆಣಖೀ ಏಕ್ ಅಂದರೆ ಇನ್ನೂ ಒಂದು. ಪೋಳೀ ಅಂದರೆ ಚಪಾತಿ. ಪಾಹಿಜೆ ಅಂದರೆ ಬೇಕು. ‘ನನಗೆ ಇನ್ನೂ ಒಂದು ಚಪಾತಿ ಬೇಕು.’ ಒಂದು ಪದವೂ ಜಾಗ ಬದಲಿಸಲಿಲ್ಲ ನೋಡು. ಕನ್ನಡದ ಅಚ್ಚಿನಲ್ಲಿ ಮರಾಠಿ ಪದ ಸುರಿದರೆ ಸಾಕು, ಮಾತು ತಯಾರು. ಅಂದಹಾಗೆ, ಪುಣೆಗೆ ಬಂದ ಮೊದಲ ದಿನ ‘ಪೋಳೀ ಹಾಕಲಾ’ ಎಂದು ಕೇಳಿದಾಗ ನಾನು ಹೋಳಿಗೆ ಬರುತ್ತದೆ ಎಂದು ಆಸೆಯಿಂದ ಕಾದಿದ್ದೆ. ಬಂದದ್ದು ಚಪಾತಿ. ಇಲ್ಲಿ ಹೋಳಿಗೆ ಬೇಕಿದ್ದರೆ ‘ಪುರಣ್ ಪೋಳೀ’ ಎಂದೇ ಕೇಳಬೇಕು.

ಅದೇ ಮಾತು ಇಂಗ್ಲಿಷಿನಲ್ಲಿ ‘ಐ ವಾಂಟ್ ಒನ್ ಮೋರ್ ಚಪಾತಿ.’ ‘ನನಗೆ’ ಹೋಗಿ ‘ನಾನು’ ಆಯಿತು. ಕೊನೆಯಲ್ಲಿದ್ದ ‘ಬೇಕು’ ಎರಡನೇ ಜಾಗಕ್ಕೆ ಬಂದು ಕೂತಿತು. ಇಂಥ ಚಿಕ್ಕ ಮಾತಿನಲ್ಲಿ ತೊಂದರೆ ಆಗುವುದಿಲ್ಲ. ಕೆಮಿಸ್ಟ್ರಿಯ ಮಾತಿಗೆ ಬಂದಾಗ ನೋಡು.

‘ಕೊನೆಯ ಹನಿ ಹಾಕಿದ ಮೇಲೆ ಬಂದ ಗುಲಾಬಿ ಬಣ್ಣ.’ ಟೈಟ್ರೇಶನ್, ಅಂದರೆ ಹನಿ ಹನಿ ದ್ರಾವಣ ಹಾಕಿ ಅಳೆಯುವ ಪ್ರಯೋಗ, ಮಾಡಿದವರೆಲ್ಲ ಕಂಡ ಬಣ್ಣ ಅದು. ಮರಾಠಿಯಲ್ಲಿ ‘ಶೇವಟಚಾ ಥೇಂಬ್ ಟಾಕಲ್ಯಾವರ್ ಆಲೇಲಾ ಗುಲಾಬೀ ರಂಗ್.’ ಮತ್ತೆ ಅದೇ ಸಾಲು, ಅದೇ ಕ್ರಮ. ಇಂಗ್ಲಿಷಿನಲ್ಲಿ? ‘ದ ಪಿಂಕ್ ಕಲರ್ ದಟ್ ಅಪಿಯರ್ಡ್ ವೆನ್ ವಿ ಆಡೆಡ್ ದ ಲಾಸ್ಟ್ ಡ್ರಾಪ್.’ ನಮ್ಮಲ್ಲಿ ಹನಿ ಮೊದಲು, ಬಣ್ಣ ಕೊನೆಗೆ. ಅವರಲ್ಲಿ ಬಣ್ಣ ಮೊದಲು, ಹನಿ ಕೊನೆಗೆ. ಇಡೀ ಸಾಲು ಕನ್ನಡಿಯಲ್ಲಿ ಕಂಡಂತೆ ಉಲ್ಟಾ.

ಈಗ ಯೋಚನೆ ಮಾಡು. ನಿನ್ನ ತಲೆಯಲ್ಲಿ ಸಾಲು ಕನ್ನಡದಲ್ಲಿ ಹುಟ್ಟುತ್ತದೆ. ಅದನ್ನು ಇಂಗ್ಲಿಷಿಗೆ ತರಬೇಕಾದರೆ ಕೊನೆಯ ಪದದವರೆಗೆ ಕಾಯಬೇಕು, ಆಮೇಲೆ ಬಾಲದಿಂದ ಹಿಡಿದು ಎಳೆಯಬೇಕು. ಅಷ್ಟರಲ್ಲಿ ಮೇಷ್ಟ್ರು ‘ಯೆಸ್? ಯೆಸ್?’ ಎಂದು ನಿನ್ನ ಮುಖ ನೋಡುತ್ತಾರೆ. ಬಾಯಿ ಕಟ್ಟುವುದು ಅಲ್ಲೇ. ಕೆಲಸವೇ ಎರಡು ಪಟ್ಟು ಇದೆ. ನೀನು ಅದನ್ನು ‘ನನಗೆ ಬರಲ್ಲ’ ಎಂದು ಓದಿಕೊಂಡಿದ್ದೀಯ.

ಇದಕ್ಕೆ ಮದ್ದು ಸರಳ. ಉದ್ದ ಸಾಲನ್ನು ಕನ್ನಡದಲ್ಲೇ ಒಡೆದು ಹಾಕು. ‘ಕೊನೆಯ ಹನಿ ಹಾಕಿದೆವು. ಒಂದು ಬಣ್ಣ ಬಂತು. ಆ ಬಣ್ಣ ಗುಲಾಬಿ.’ ಈಗ ಒಂದೊಂದನ್ನೇ ಹೇಳು. ‘ವಿ ಆಡೆಡ್ ದ ಲಾಸ್ಟ್ ಡ್ರಾಪ್. ಎ ಕಲರ್ ಅಪಿಯರ್ಡ್. ಇಟ್ ವಾಸ್ ಪಿಂಕ್.’ ಚಿಕ್ಕ ಮಕ್ಕಳ ಇಂಗ್ಲಿಷ್ ಅನಿಸುತ್ತದೆ, ಅಲ್ವಾ? ಅನಿಸಲಿ. ಕೇಳುವವರಿಗೆ ಪೂರ್ತಿ ಅರ್ಥವಾಯಿತು, ನಿನಗೂ ಉಸಿರು ಸಿಕ್ಕಿತು. ಜೋಡಿಸುವ ಕೆಲಸ ಮುಂದಿನ ವರ್ಷದ್ದು. ಈ ಆರು ವಾರ ನೀನು ಹೇಳುವ ಸಾಲಿನಲ್ಲಿ ಹತ್ತು ಪದಕ್ಕಿಂತ ಜಾಸ್ತಿ ಇರಬಾರದು ಎಂದುಕೋ.

ಇನ್ನು ಮರಾಠಿ ಬಂದದ್ದಕ್ಕೆ ಎರಡನೇ ಕಾರಣ. ಪೋಳೀ ಕೇಳುವಾಗ ನಿನ್ನ ಗಮನ ಪೋಳೀ ಮೇಲೆ ಇತ್ತು, ವ್ಯಾಕರಣದ ಮೇಲೆ ಇರಲಿಲ್ಲ. ತಪ್ಪಾದರೆ ಮಾವಶಿ ನಕ್ಕು ಪೋಳೀ ಹಾಕಿದಳು, ಅಂಕ ಕಳೆಯಲಿಲ್ಲ. ನಮ್ಮ ಕಡೆಯೇ ಇದರ ಮೇಲೆ ದೊಡ್ಡ ಪ್ರಯೋಗ ನಡೆದಿದೆ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಎನ್ನುವವರು ಬೆಂಗಳೂರು, ಮದ್ರಾಸು ಕಡೆಯ ಮಾಮೂಲಿ ಶಾಲೆಗಳಲ್ಲಿ ಇಂಗ್ಲಿಷ್ ಪಾಠವನ್ನೇ ಬೇರೆ ಥರ ಮಾಡಿ ನೋಡಿದರು. ಗ್ರಾಮರ್ ಪಾಠ ಇಲ್ಲ. ರೈಲಿನ ವೇಳಾಪಟ್ಟಿ ಕೊಟ್ಟು ಯಾವ ಗಾಡಿ ಹಿಡಿಯಬೇಕು ಎಂದು ಕೇಳುವುದು, ನಕ್ಷೆ ಕೊಟ್ಟು ದಾರಿ ಹುಡುಕಿಸುವುದು, ಇಂಥ ಕೆಲಸಗಳು. ಮಗು ಲೆಕ್ಕ ಬಿಡಿಸುವ ಗುಂಗಿನಲ್ಲಿದ್ದಾಗ ಭಾಷೆ ಹಿಂಬಾಗಿಲಿನಿಂದ ಬರುತ್ತದೆ ಎನ್ನುವುದು ಅವರ ನಂಬಿಕೆ. ಜಗತ್ತಿನ ಎಲ್ಲ ಕಡೆ ಇಂಗ್ಲಿಷ್ ಮೇಷ್ಟ್ರಾಗುವವರು ಇವತ್ತಿಗೂ ‘ಬೆಂಗಳೂರು ಪ್ರಾಜೆಕ್ಟ್’ ಎಂದು ಇದನ್ನು ಓದುತ್ತಾರೆ. ನಮ್ಮವರಿಗೇ ಗೊತ್ತಿಲ್ಲ, ಅದು ಬೇರೆ ಮಾತು.

ಮೂರನೇ ಕಾರಣ ಎಲ್ಲಕ್ಕಿಂತ ದೊಡ್ಡದು. ಮರಾಠಿಯನ್ನು ನೀನು ಆಡಿದೆ. ಇಂಗ್ಲಿಷನ್ನು ಹದಿನೈದು ವರ್ಷ ಕೇಳಿದೆ, ಓದಿದೆ, ನೋಡಿ ಬರೆದೆ. ಆಡಿದ್ದು ಎಷ್ಟು ಗಂಟೆ? ಎಲ್ಲ ಸೇರಿಸಿದರೂ ಒಂದು ಹಗಲು ಆಗುತ್ತದಾ? ಕೆನಡಾದಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಶಾಲೆಯ ಪಾಠವನ್ನೆಲ್ಲ ಫ್ರೆಂಚಿನಲ್ಲೇ ಕಲಿಸುವ ಪದ್ಧತಿ ಇದೆ. ವರ್ಷಗಟ್ಟಲೆ ಹಾಗೆ ಓದಿದ ಮಕ್ಕಳಿಗೆ ಫ್ರೆಂಚ್ ಚೆನ್ನಾಗಿ ಅರ್ಥವಾಗುತ್ತಿತ್ತು. ಆದರೆ ಮಾತಾಡಲು, ಬರೆಯಲು ಹೋದರೆ ತಪ್ಪೋ ತಪ್ಪು. ಮೆರಿಲ್ ಸ್ವೇನ್ ಎನ್ನುವ ಭಾಷಾತಜ್ಞೆ 1985ರಲ್ಲಿ ಇದಕ್ಕೆ ಕಾರಣ ಕೊಟ್ಟರು. ಬರೀ ಕೇಳಿಸಿಕೊಂಡರೆ ಸಾಲದು. ಬಾಯಿಂದ ಹೊರಗೆ ಹಾಕಲು ಹೊರಟಾಗ ಮಾತ್ರ ‘ಅಯ್ಯೋ, ಇದನ್ನು ಹೇಗೆ ಹೇಳುವುದು’ ಎನ್ನುವ ತೂತು ಕಾಣುತ್ತದೆ. ತೂತು ಕಂಡ ಮೇಲೇ ಮುಚ್ಚಲು ಆಗುವುದು. ಕೇಳುವಾಗ ಅರ್ಧ ಪದ ಬಿಟ್ಟುಹೋದರೂ ಅರ್ಥ ಆಗಿಬಿಡುತ್ತದೆ. ನಿನ್ನ ಕಥೆ ಇದೇ. ನೀನೊಬ್ಬಳೇ ಹೀಗಿರುವುದಲ್ಲ.

ಈಗ ಹನ್ನೆರಡು ಸಾವಿರದ ಪ್ರಶ್ನೆ. ಬೇಡ, ತಂಗಿ. ಡೆಕ್ಕನ್ ಕಡೆ, ಸ್ವಾರ್‌ಗೇಟ್ ಕಡೆ ಬೋರ್ಡು ಹಾಕಿಕೊಂಡ ಇಂಥ ಕ್ಲಾಸುಗಳಿಂದ ಬಂದ ಹುಡುಗರನ್ನು ನಾನು ವರ್ಷಾ ವರ್ಷಾ ನೋಡುತ್ತೇನೆ. ‘ಮೈಸೆಲ್ಫ್’ ಎಂದು ಶುರು ಮಾಡಿ ಊರು, ಅಪ್ಪ, ಹಾಬಿ ಎಲ್ಲ ಗಡಗಡ ಒಪ್ಪಿಸುತ್ತಾರೆ. ಒಂದು ಪ್ರಶ್ನೆ ಕೇಳಿದರೆ ಗಾಡಿ ನಿಂತುಬಿಡುತ್ತದೆ. ಆ ‘ಮೈಸೆಲ್ಫ್’ ಕೂಡ ತಪ್ಪೇ, ‘ಐ ಆ್ಯಮ್’ ಸಾಕು. ಎಲ್ಲ ಕ್ಲಾಸೂ ಹೀಗೇ ಇರುತ್ತದೆ ಎನ್ನಲಾರೆ. ಸೇರಲೇಬೇಕು ಅನಿಸಿದರೆ ಒಂದು ದಿನ ಸುಮ್ನೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರು. ಒಂದು ಗಂಟೆಯಲ್ಲಿ ಮೇಷ್ಟ್ರು ಎಷ್ಟು ನಿಮಿಷ ಮಾತಾಡಿದರು, ಹುಡುಗರು ಎಷ್ಟು ನಿಮಿಷ ಮಾತಾಡಿದರು ಎಂದು ಗಡಿಯಾರ ನೋಡು. ಮೇಷ್ಟ್ರೇ ಐವತ್ತು ನಿಮಿಷ ನುಂಗಿದರೆ ಎದ್ದು ಬಾ. ನಿನಗೆ ಬೇಕಾದದ್ದು ಹಾಬಿಯ ಇಂಗ್ಲಿಷ್ ಅಲ್ಲವೇ ಅಲ್ಲ. ಝಿಯೊಲೈಟಿನ ಇಂಗ್ಲಿಷ್ ಬೇಕು. ಅದು ಆ ಕ್ಲಾಸಿನಲ್ಲಿ ಸಿಗುವುದಿಲ್ಲ.

ಕನ್ನಡ ಮೀಡಿಯಂ ಓದಿದ್ದು ತಪ್ಪಾ ಎಂದು ಕೇಳಿದ್ದೀಯ. ಈ ಪ್ರಶ್ನೆಗೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ನಿನ್ನ ಮೇಲಲ್ಲ, ನಿನಗೆ ಹಾಗೆ ಅನಿಸುವಂತೆ ಮಾಡಿದವರ ಮೇಲೆ. ಕೆನಡಾದ ಜಿಮ್ ಕಮಿನ್ಸ್ ಎನ್ನುವ ವಿದ್ವಾಂಸರು 1979ರಿಂದ ಒಂದು ಮಾತು ಹೇಳುತ್ತಾ ಬಂದಿದ್ದಾರೆ. ಅಂಗಡಿ, ಆಟದ ಬಯಲಿನ ಮಾತು ಬೇರೆ, ಪಾಠದ ಭಾಷೆ ಬೇರೆ. ಮೊದಲನೆಯದು ಎರಡು ವರ್ಷದ ಒಳಗೆ ಬರಬಹುದು. ಎರಡನೆಯದಕ್ಕೆ ಐದರಿಂದ ಏಳು ವರ್ಷ ಹಿಡಿಯುತ್ತದೆ. ಮತ್ತೆ, ಒಂದು ಭಾಷೆಯಲ್ಲಿ ಗಟ್ಟಿಯಾಗಿ ತಿಳಿದದ್ದು ಇನ್ನೊಂದು ಭಾಷೆಗೆ ದಾಟಿಕೊಂಡು ಬರುತ್ತದೆ. ಆಮ್ಲ, ಪ್ರತ್ಯಾಮ್ಲ, ಉತ್ಕರ್ಷಣ, ಅಪಕರ್ಷಣ ಇವನ್ನೆಲ್ಲ ನೀನು ಅರ್ಥ ಮಾಡಿಕೊಂಡು ಓದಿದವಳು. ಆ ತಿಳಿವಳಿಕೆ ಎಲ್ಲೂ ಹೋಗಿಲ್ಲ. ಅದಕ್ಕೆ ಇಂಗ್ಲಿಷಿನ ಲೇಬಲ್ ಅಂಟಿಸುವುದು ಬಾಕಿ ಇದೆ, ಅಷ್ಟೇ.

ಅಂಟಿಸಲು ಒಳ್ಳೆಯ ಉಪಾಯ ಹೇಳುತ್ತೇನೆ. ಕರ್ನಾಟಕದ ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ಎನ್‌ಸಿಇಆರ್‌ಟಿ ಪುಸ್ತಕದ ಕನ್ನಡ ರೂಪ. ಅಂದರೆ ನೀನು ಕನ್ನಡದಲ್ಲಿ ಓದಿದ ಪುಟವೇ ಇಂಗ್ಲಿಷಿನಲ್ಲೂ ಇದೆ. ಮನೆಯಿಂದ ಹಳೇ ಪುಸ್ತಕ ತರಿಸು. ಇಂಗ್ಲಿಷ್ ಪುಸ್ತಕ ಅಪ್ಪಾ ಬಳವಂತ ಚೌಕಿನಲ್ಲಿ ಸೆಕೆಂಡ್‌ಹ್ಯಾಂಡ್ ಹುಡುಕಿದರೆ ಸಿಗುತ್ತದೆ, ಇಲ್ಲವಾದರೆ ಎನ್‌ಸಿಇಆರ್‌ಟಿ ವೆಬ್‌ಸೈಟಿನಲ್ಲಿ ಬಿಟ್ಟಿ ಇದೆ. ‘ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು’ ಪಾಠ ತೆಗೆ. ಬೇಸಿಗೆಯಲ್ಲಿ ಹೊರಗಿಟ್ಟ ಹಾಲು, ತೇವದ ಗಾಳಿಗೆ ಬಿಟ್ಟ ಕಬ್ಬಿಣದ ತವೆ, ಹುಳಿಬಂದ ದ್ರಾಕ್ಷಿ, ಆಮೇಲೆ ಮೆಗ್ನೀಸಿಯಂ ಪಟ್ಟಿ ಸುಡುವುದು. ಒಂದು ಪ್ಯಾರಾ ಕನ್ನಡದಲ್ಲಿ ಓದು. ಪುಸ್ತಕ ಮುಚ್ಚಿ ಅದನ್ನೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳು. ಆಮೇಲೆ ಇಂಗ್ಲಿಷ್ ಪುಸ್ತಕ ತೆರೆದು ಅವರು ಹೇಗೆ ಹೇಳಿದ್ದಾರೆ ನೋಡು. ನಿನ್ನ ಸಾಲಿಗೂ ಅವರ ಸಾಲಿಗೂ ಇರುವ ಅಂತರವೇ ನಿನ್ನ ಪಾಠ. ಎಂಎಸ್‌ಸಿ ಹುಡುಗಿ ಹತ್ತನೇ ತರಗತಿ ಪುಸ್ತಕ ಓದುವುದಾ ಎಂದು ನಾಚಬೇಡ. ವಿಷಯ ನೀರು ಕುಡಿದಷ್ಟು ಸುಲಭ ಇದ್ದಾಗ ಭಾಷೆಗೆ ಪೂರ್ತಿ ಗಮನ ಕೊಡಬಹುದು.

ಹೀಗೆ ಓದುವಾಗ ಒಂದು ಗಮನಿಸು. ನಿನ್ನನ್ನು ಎಡವಿಸುವುದು ಫಿನಾಲ್ಫ್ಥಲೀನ್ ಥರದ ಕೆಮಿಸ್ಟ್ರಿ ಪದ ಅಲ್ಲ. ಅದು ನಿನಗೆ ಬಾಯಿಪಾಠ. ಎಡವಿಸುವುದು ಅಬ್ಟೇನ್, ಇಂಡಿಕೇಟ್, ಡಿರೈವ್, ಸಿಗ್ನಿಫಿಕೆಂಟ್, ಅಕರ್ ಇಂಥ ಪದಗಳು. ಕೆಮಿಸ್ಟ್ರಿ ಪುಸ್ತಕದಲ್ಲೂ ಇವು ಬರುತ್ತವೆ, ಕಾನೂನು ಪುಸ್ತಕದಲ್ಲೂ ಬರುತ್ತವೆ. ಆದರೆ ಇವನ್ನು ಯಾವ ಮೇಷ್ಟ್ರೂ ಕಲಿಸುವುದಿಲ್ಲ. ಕೆಮಿಸ್ಟ್ರಿ ಮೇಷ್ಟ್ರಿಗೆ ಇವು ಇಂಗ್ಲಿಷ್, ಇಂಗ್ಲಿಷ್ ಮೇಷ್ಟ್ರಿಗೆ ಇವು ಕೆಮಿಸ್ಟ್ರಿ. ನ್ಯೂಜಿಲೆಂಡಿನ ಆವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಇಂಥ 570 ಪದ ಕುಟುಂಬಗಳ ಪಟ್ಟಿ ಮಾಡಿದರು. ಪದ ಕುಟುಂಬ ಅಂದರೆ ಒಂದು ಪದ, ಅದರಿಂದ ಹುಟ್ಟಿದ ರೂಪಗಳು. ಪಟ್ಟಿಯ ಹೆಸರು ಅಕಾಡೆಮಿಕ್ ವರ್ಡ್ ಲಿಸ್ಟ್. ಕಾಲೇಜು ಪುಸ್ತಕಗಳಲ್ಲಿ ಹತ್ತು ಪದಕ್ಕೆ ಸುಮಾರು ಒಂದು ಈ ಪಟ್ಟಿಯದು. ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ. ದಿನಕ್ಕೆ ಐದು ತಗೋ. ಅರ್ಥ ಬರೆದಿಟ್ಟರೆ ಏನೂ ಬರುವುದಿಲ್ಲ. ಅವತ್ತು ಲ್ಯಾಬಿನಲ್ಲಿ ಮಾಡಿದ್ದಕ್ಕೆ ಒಂದು ಸಾಲಾದರೂ ಹಾಕಿ ಹೇಳು. ‘ವಿ ಅಬ್ಟೇನ್ಡ್ ವೈಟ್ ಕ್ರಿಸ್ಟಲ್ಸ್.’ ಪದ ಆಗ ನಿನ್ನದಾಗುತ್ತದೆ.

ಗ್ರಾಮರ್ ಮೊದಲಿನಿಂದ ಓದುವುದು ಬೇಡ. ನಮ್ಮ ಕನ್ನಡ ಕಾಲು ಹಿಡಿದು ಎಳೆಯುವ ಒಂದೆರಡು ಜಾಗ ಮಾತ್ರ ನೋಡಿಕೋ. ಒಂದು, ಕಾಲ. ನಾವು ‘ದಿನಾ ಬರುತ್ತೇನೆ’ ಅನ್ನುತ್ತೇವೆ, ‘ನಾಳೆ ಬರುತ್ತೇನೆ’ ಎಂದೂ ಅನ್ನುತ್ತೇವೆ. ಎರಡಕ್ಕೂ ಒಂದೇ ‘ಬರುತ್ತೇನೆ’. ಇಂಗ್ಲಿಷಿನಲ್ಲಿ ದಿನದ್ದಕ್ಕೆ ‘ಐ ಕಮ್’, ನಾಳೆಯದಕ್ಕೆ ‘ಐ ವಿಲ್ ಕಮ್’. ಆದ್ದರಿಂದ ನಮ್ಮ ಹುಡುಗರು ಯಾವುದು ಎಂದು ತಿಳಿಯದೆ ಎಲ್ಲದಕ್ಕೂ ‘ಇಂಗ್’ ಅಂಟಿಸುತ್ತಾರೆ. ‘ಸೋಡಿಯಂ ಈಸ್ ರಿಯಾಕ್ಟಿಂಗ್ ವಿತ್ ವಾಟರ್’ ಎಂದರೆ ಈಗ ಈ ಕ್ಷಣ ಎದುರಿಗೆ ಉರಿಯುತ್ತಿದೆ ಎಂದು ಅರ್ಥ, ಓಡಿಹೋಗಬೇಕು! ಯಾವಾಗಲೂ ನಡೆಯುವ ಸಂಗತಿಗೆ ‘ಸೋಡಿಯಂ ರಿಯಾಕ್ಟ್ಸ್ ವಿತ್ ವಾಟರ್.’ ನೀನು ಲ್ಯಾಬಿನಲ್ಲಿ ಮಾಡಿ ಮುಗಿಸಿದ್ದಕ್ಕೆ ‘ಇಟ್ ರಿಯಾಕ್ಟೆಡ್’. ಸೆಮಿನಾರಿನಲ್ಲಿ ಈ ಎರಡು ರೂಪ ಇದ್ದರೆ ಮುಕ್ಕಾಲು ಕೆಲಸ ಆಗುತ್ತದೆ.

ಇನ್ನೊಂದು, ಪ್ರಶ್ನೆ. ನಾವು ಮಾತಿನ ಬಾಲಕ್ಕೆ ‘ಆ’ ಸೇರಿಸಿದರೆ ಪ್ರಶ್ನೆ ಆಯಿತು. ಬಂದ, ಬಂದನಾ. ಇಂಗ್ಲಿಷಿನಲ್ಲಿ ‘ಡು’, ‘ಡಿಡ್’ ಎನ್ನುವ ಆಳನ್ನು ಕರೆದು ಮುಂದೆ ನಿಲ್ಲಿಸಬೇಕು. ‘ವೈ ಡಿಡ್ ಇಟ್ ಟರ್ನ್ ಪಿಂಕ್?’ ‘ವೈ ಇಟ್ ಟರ್ನ್ಡ್ ಪಿಂಕ್’ ಅಂದರೂ ಯಾರೂ ನಿನ್ನನ್ನು ಕ್ಲಾಸಿನಿಂದ ಹೊರಗೆ ಹಾಕುವುದಿಲ್ಲ. ‘ಎ’, ‘ದ’ ಇವುಗಳ ಗೊಡವೆ ಈಗ ಬಿಡು. ನಮ್ಮ ಭಾಷೆಯಲ್ಲಿ ಅಂಥದ್ದು ಇಲ್ಲ. ಓದಿ ಓದಿ ನಿಧಾನಕ್ಕೆ ಬರುತ್ತದೆ. ನನಗೇ ಕೆಲವೊಮ್ಮೆ ತಪ್ಪುತ್ತದೆ.

ಉಚ್ಚಾರದ ಬಗ್ಗೆ ನೀನು ಕೇಳಿಲ್ಲ, ಆದರೆ ನಿನ್ನ ಹೆದರಿಕೆಯ ಒಳಗೆ ಅದೂ ಇದೆ ಎಂದು ನನ್ನ ಗುಮಾನಿ. ನನ್ನ ಕಥೆ ಕೇಳು. ನಾನು ಎಂಎ ಮೊದಲ ವರ್ಷದಲ್ಲಿ ಪೇಪರ್ ಓದುವಾಗ ಸಾಲ ಎನ್ನುವ ಅರ್ಥದ ‘ಡೆಟ್’ ಪದವನ್ನು ‘ಡೆಬ್ಟ್’ ಎಂದು ಓದಿದೆ. ಕಾಗದದಲ್ಲಿ ಬಿ ಇದೆ, ಕನ್ನಡ ಶಾಲೆಯ ಹುಡುಗಿ ಬಿ ಬಿಡುತ್ತಾಳಾ? ಇಡೀ ಕ್ಲಾಸು ನಕ್ಕಿತು. ಪಾಠ ಮಾಡುವವರೂ ನಕ್ಕರು. ಆಮೇಲೆ ಮೂರು ತಿಂಗಳು ನಾನು ಬಾಯಿ ತೆರೆಯಲಿಲ್ಲ. ಬಹಳ ವರ್ಷದ ಮೇಲೆ ಗೊತ್ತಾಯಿತು, ಆ ಬಿ ಅನ್ನು ಇಂಗ್ಲಿಷರು ಯಾವತ್ತೂ ಉಚ್ಚರಿಸಿದ್ದೇ ಇಲ್ಲ. ಪದ ಬಂದದ್ದು ಫ್ರೆಂಚಿನಿಂದ, ಅಲ್ಲಿ ಬಿ ಇರಲಿಲ್ಲ. ಲ್ಯಾಟಿನ್ ಓದಿದ ಪಂಡಿತರು ತಮ್ಮ ಜಾಣತನ ತೋರಿಸಲು ಬರವಣಿಗೆಯಲ್ಲಿ ಒಂದು ಬಿ ತೂರಿಸಿದರು. ಕೆಲವು ಪದಗಳ ಕಥೆ ಇದರ ಉಲ್ಟಾ. ‘ನೈಟ್’ ಎನ್ನುವ ಯೋಧನ ಹೆಸರಿನಲ್ಲಿ ಕೆ ಸದ್ದು ಹಿಂದೆ ನಿಜವಾಗಿ ಇತ್ತು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ. ಅಚ್ಚಾಗುತ್ತಾ ಆಗುತ್ತಾ ಕಾಗುಣಿತ ನಿಂತಲ್ಲೇ ನಿಂತಿತು. ನಾಲಿಗೆ ಮಾತ್ರ ಮುಂದೆ ನಡೆದುಹೋಯಿತು. ಬರೆದದ್ದನ್ನೇ ಓದುವ ನಮ್ಮ ಒಳ್ಳೆಯ ಅಭ್ಯಾಸ ಅಲ್ಲಿ ಕೈಕೊಡುತ್ತದೆ.

ಆ್ಯಕ್ಸೆಂಟ್ ಬದಲಿಸಲು ಹೋಗಬೇಡ. ನಿನ್ನ ಮೇಷ್ಟ್ರಿಗೂ ಮರಾಠಿ ಆ್ಯಕ್ಸೆಂಟ್ ಇರುತ್ತದೆ. ಎರಡು ಸಣ್ಣ ರಿಪೇರಿ ಮಾತ್ರ ಮಾಡಿಕೋ. ನಾವು ಪದದ ಮೊದಲಿನ ಎ ಮುಂದೆ ಗೊತ್ತಿಲ್ಲದೆ ಒಂದು ಯ ಹಚ್ಚುತ್ತೇವೆ. ಯೆನರ್ಜಿ, ಯೆಲೆಕ್ಟ್ರಾನ್. ಒ ಮುಂದೆ ವ ಹಚ್ಚುತ್ತೇವೆ. ವೋನ್ಲಿ, ವೋಲ್ಡ್. ಕೆಮಿಸ್ಟ್ರಿಯಲ್ಲಿ ಯೆಲೆಕ್ಟ್ರಾನ್ ನಿಮಿಷಕ್ಕೆ ಹತ್ತು ಸಲ ಬರುತ್ತದೆ, ಕಿವಿಗೆ ಚುಚ್ಚುತ್ತದೆ. ಎರಡನೆಯದು ಒತ್ತು. ನಾವು ಪದದ ಎಲ್ಲ ಅಕ್ಷರಕ್ಕೂ ಸಮ ತೂಕ ಕೊಡುತ್ತೇವೆ. ಇಂಗ್ಲಿಷಿನಲ್ಲಿ ಒಂದು ಕಡೆ ಭಾರ ಹಾಕಬೇಕು. ನಿನ್ನ ವಿಷಯದ ಪದವೇ ನೋಡು. ಕ್ಯಾಟಲಿಸ್ಟ್ ಎನ್ನುವಾಗ ಭಾರ ಮೊದಲಿಗೆ, ‘ಕ್ಯಾ’ ಮೇಲೆ. ಕಟ್ಯಾಲಿಸಿಸ್ ಎನ್ನುವಾಗ ಎರಡನೆಯದರ ಮೇಲೆ, ‘ಟ್ಯಾ’. ಕ್ಯಾಟಲಿಟಿಕ್ ಎನ್ನುವಾಗ ಮೂರನೆಯದು, ‘ಲಿ’. ಒಂದೇ ಮನೆಯ ಮೂರು ಮಕ್ಕಳು, ಮೂವರ ನಡಿಗೆಯೂ ಬೇರೆ. ಸೆಮಿನಾರಿನಲ್ಲಿ ಬರುವ ಇಂಥ ಇಪ್ಪತ್ತು ಪದ ಪಟ್ಟಿ ಮಾಡಿ, ಫೋನಿನ ಡಿಕ್ಷನರಿಯಲ್ಲಿ ಸ್ಪೀಕರ್ ಒತ್ತಿ ಕೇಳಿಸಿಕೋ, ಹಾಗೇ ಹೇಳು. ಎನ್‌ಪಿಟಿಇಎಲ್‌ನಲ್ಲಿ ಐಐಟಿ ಮೇಷ್ಟ್ರುಗಳ ಕೆಮಿಸ್ಟ್ರಿ ಪಾಠ ಬಿಟ್ಟಿ ಸಿಗುತ್ತದೆ. ಒಂದು ನಿಮಿಷದ ತುಂಡು ಹಾಕಿ, ಅವರ ಬೆನ್ನಿಗೇ ನೀನೂ ಹೇಳುತ್ತಾ ಹೋಗು.

ಸರಿ, ಸೆಮಿನಾರ್. ನಾನು ಕೆಮಿಸ್ಟ್ರಿ ಓದಿದವಳಲ್ಲ, ಆದರೆ ನಿನಗಾಗಿ ಝಿಯೊಲೈಟ್ ಬಗ್ಗೆ ಒಂದು ಸಂಜೆ ಓದಿದೆ. ಖುಷಿಯಾಯಿತು. ತೀರಾ ಸಣ್ಣ ತೂತುಗಳ ಖನಿಜ, ಚಿಕ್ಕ ಅಣು ಒಳಗೆ ಹೋಗುತ್ತದೆ, ದೊಡ್ಡದು ಹೊರಗೇ ನಿಲ್ಲುತ್ತದೆ. ಅಂದರೆ ನಮ್ಮೂರಿನ ಸಾಣಿಗೆ! ನಿಮ್ಮ ಶಾಸ್ತ್ರದಲ್ಲೂ ಅದನ್ನು ಮಾಲಿಕ್ಯುಲರ್ ಸೀವ್ ಎಂದೇ ಕರೆಯುತ್ತಾರಂತೆ. ನಿನ್ನ ಮೊದಲ ಸಾಲು ಇಲ್ಲೇ ಸಿಕ್ಕಿತು. ‘ಎ ಝಿಯೊಲೈಟ್ ಈಸ್ ಎ ಸೀವ್ ಫಾರ್ ಮಾಲಿಕ್ಯೂಲ್ಸ್.’ ಏಳು ಪದ. ‘ಗುಡ್ ಮಾರ್ನಿಂಗ್ ರೆಸ್ಪೆಕ್ಟೆಡ್ ಟೀಚರ್ಸ್ ಆ್ಯಂಡ್ ಮೈ ಡಿಯರ್ ಫ್ರೆಂಡ್ಸ್’ ಎಂದು ಒಂದು ನಿಮಿಷ ಕಳೆಯುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಎರಡನೇ ತುಂಡಿಗೆ ಕಥೆ ಹೇಳು. ಆಗಿಹೋದ ಕಥೆ ಹೇಳುವುದು ಎಲ್ಲಕ್ಕಿಂತ ಸುಲಭ, ಕ್ರಿಯಾಪದ ಎಲ್ಲ ಒಂದೇ ಕಾಲದಲ್ಲಿ ಬರುತ್ತವೆ. 1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಟ್ ಒಂದು ಕಲ್ಲನ್ನು ಕಾಯಿಸಿದ. ಕಲ್ಲಿನಿಂದ ಆವಿ ಬಂತು, ಕುದಿದಂತೆ ಕಂಡಿತು. ಗ್ರೀಕ್ ಪದ ಹಿಡಿದು ‘ಕುದಿಯುವ ಕಲ್ಲು’ ಎಂದು ಹೆಸರಿಟ್ಟ. ‘ಹಿ ಹೀಟೆಡ್ ಎ ಸ್ಟೋನ್. ಸ್ಟೀಮ್ ಕೇಮ್ ಔಟ್. ದ ಸ್ಟೋನ್ ಸೀಮ್ಡ್ ಟು ಬಾಯ್ಲ್.’ ನಿನಗೆ ಬರದ ಪದ ಇದರಲ್ಲಿ ಒಂದಾದರೂ ಇದೆಯಾ? ಇನ್ನೂ ಒಂದು ವಿಷಯ ಸೇರಿಸು. ಪುಣೆಯ ಸುತ್ತಲಿನ ಕರಿಕಲ್ಲಿನ ಕ್ವಾರಿಗಳು ಝಿಯೊಲೈಟ್ ಹರಳುಗಳಿಗೆ ಹೆಸರುವಾಸಿ. ಪಾಷಾಣ್ ರಸ್ತೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ, ಅಂದರೆ ಎನ್‌ಸಿಎಲ್‌ನಲ್ಲಿ ಝಿಯೊಲೈಟ್ ಕ್ಯಾಟಲಿಸ್ಟಿನ ಮೇಲೆ ದಶಕಗಳ ಕೆಲಸ ಆಗಿದೆ. ಇದನ್ನು ಹೇಳಿದಾಗ ಕ್ಲಾಸು ತಲೆ ಎತ್ತಿ ನೋಡುತ್ತದೆ. ಆಗ ಯಾರೂ ನಿನ್ನ ‘ದ’, ‘ಎ’ ಎಣಿಸುವುದಿಲ್ಲ. ಫೆಬ್ರವರಿ 28ರ ವಿಜ್ಞಾನ ದಿನದ ಹೊತ್ತಿಗೆ ಎನ್‌ಸಿಎಲ್ ಜನರಿಗೆ ಬಾಗಿಲು ತೆರೆಯುತ್ತದೆ. ಆಗ ಹೋಗಿ ಅಲ್ಲಿನ ಹುಡುಗರನ್ನು ಎರಡು ಪ್ರಶ್ನೆ ಕೇಳಿ ಬಾ.

ಅಭ್ಯಾಸ ಮಾಡುವುದು ಹೀಗೆ. ಪೂರ್ತಿ ಭಾಷಣ ಬರೆದು ಉರು ಹೊಡೆಯಬೇಡ. ಒಂದು ಸಾಲು ಮರೆತರೆ ಮುಂದಿನದೆಲ್ಲ ಹೋಗುತ್ತದೆ. ಏನು ಹೇಳಬೇಕು ಎನ್ನುವುದನ್ನು ಕನ್ನಡದಲ್ಲೇ ಯೋಚಿಸು, ಅದರಲ್ಲಿ ಏನೂ ತಪ್ಪಿಲ್ಲ. ಆದರೆ ಚೀಟಿಯಲ್ಲಿ ಪದ ಮಾತ್ರ ಬರೆ, ಸಾಲು ಬರೆಯಬೇಡ. ಒಂದು ತುಂಡನ್ನು ರೂಮಿನ ಗೆಳತಿಗೆ ನಾಲ್ಕು ನಿಮಿಷದಲ್ಲಿ ಹೇಳು. ಅದೇ ತುಂಡನ್ನು ಇನ್ನೊಬ್ಬಳಿಗೆ ಮೂರು ನಿಮಿಷದಲ್ಲಿ. ಆಮೇಲೆ ಮೂರನೆಯವಳಿಗೆ ಎರಡು ನಿಮಿಷದಲ್ಲಿ. ಭಾಷೆ ಕಲಿಸುವವರು ಇದನ್ನು 4-3-2 ಎನ್ನುತ್ತಾರೆ. ವಿಷಯ ಹೊಸದಲ್ಲ, ಸಮಯ ಮಾತ್ರ ಕಡಿಮೆ. ಮೂರನೇ ಸಲ ಹೇಳುವಾಗ ನಾಲಿಗೆ ತಾನೇ ಓಡುತ್ತದೆ, ನೀನೇ ನೋಡು. ಕೇಳುವವರು ಸಿಗದಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡು. ಮೊದಲ ಸಲ ನಿನ್ನ ದನಿ ಕೇಳಿ ನಿನಗೇ ಬೇಜಾರಾಗುತ್ತದೆ. ಎಲ್ಲರಿಗೂ ಆಗುತ್ತದೆ.

ಗೆಳತಿಯರು ಎಂದಾಗ ನೆನಪಾಯಿತು. ಲಾತೂರ್, ನಾಂದೇಡ್ ಕಡೆಯಿಂದ ಮರಾಠಿ ಮೀಡಿಯಂ ಓದಿ ಬಂದ ಹುಡುಗಿಯರು ನಿನ್ನ ಕ್ಲಾಸಿನಲ್ಲೇ ಇದ್ದಾರೆ. ಅವರ ಬಾಯೂ ಹೀಗೇ ಕಟ್ಟುತ್ತದೆ. ನೀನು ಅವರ ಮುಂದೆ ನಾಚುತ್ತೀಯ, ಅವರು ನಿನ್ನ ಮುಂದೆ ನಾಚುತ್ತಾರೆ. ಮೂವರು ಸೇರಿ ಒಂದು ಒಪ್ಪಂದ ಮಾಡಿಕೊಳ್ಳಿ. ಕೆಮಿಸ್ಟ್ರಿ ಮಾತು ಬಂದರೆ ಇಂಗ್ಲಿಷ್, ಹರಟೆಗೆ ಮರಾಠಿ. ಎಲ್ಲ ಮಾತೂ ಇಂಗ್ಲಿಷಿನಲ್ಲೇ ಎಂದು ಹೊರಟರೆ ಎರಡು ದಿನಕ್ಕೆ ಸಾಕಾಗಿ ಬಿಡುತ್ತೀರಿ. ಕನ್ನಡದ ಗೆಳತಿ ಇದ್ದರೂ ಇದೇ ನಿಯಮ. ಊರ ಸುದ್ದಿ ಕನ್ನಡದಲ್ಲೇ ಇರಲಿ, ಅದನ್ನು ಇಂಗ್ಲಿಷಿನಲ್ಲಿ ಆಡಿದರೆ ರುಚಿ ಇರುವುದಿಲ್ಲ.

ಸೆಮಿನಾರ್ ಮುಗಿದ ಮೇಲೆ ಪ್ರಶ್ನೆ ಕೇಳುತ್ತಾರೆ. ಅಲ್ಲಿ ನಾವು ಇನ್ನೊಂದು ತಪ್ಪು ಮಾಡುತ್ತೇವೆ. ಕಾರಣ ಎಲ್ಲ ಹೇಳಿ ಕೊನೆಗೆ ‘ಆದ್ದರಿಂದ’ ಎಂದು ಉತ್ತರಕ್ಕೆ ಬರುತ್ತೇವೆ. ನಡುವೆ ಇಂಗ್ಲಿಷ್ ಕೈಕೊಟ್ಟರೆ ಉತ್ತರ ಹೇಳುವ ಮೊದಲೇ ಸಿಕ್ಕಿಬೀಳುತ್ತೇವೆ. ಉತ್ತರ ಮೊದಲು ಹೇಳಿಬಿಡು. ‘ನೋ, ಇಟ್ ಕೆನಾಟ್ ಎಂಟರ್. ಇಟ್ ಈಸ್ ಟೂ ಬಿಗ್.’ ಕಾರಣ ಆಮೇಲೆ ತೊದಲಿದರೂ ಅಂಕ ಸಿಕ್ಕಿರುತ್ತದೆ. ಪ್ರಶ್ನೆ ತಿಳಿಯದಿದ್ದರೆ ‘ಕುಡ್ ಯು ಪ್ಲೀಸ್ ರಿಪೀಟ್ ದ ಕ್ವೆಶ್ಚನ್?’ ಈ ಒಂದು ಸಾಲನ್ನು ಮಾತ್ರ ಉರು ಹೊಡೆ. ಯೋಚಿಸಲು ಅರ್ಧ ನಿಮಿಷ ಸಿಗುತ್ತದೆ. ಪುಣೆಯ ಮೇಷ್ಟ್ರು ಎರಡನೇ ಸಲ ಕೇಳುವಾಗ ಅರ್ಧ ಮರಾಠಿ ಬೆರೆಸುವುದೂ ಉಂಟು. ಅದು ನಿನಗೆ ಬರುತ್ತದಲ್ಲ.

ಕೊನೆಗೆ ಸಣ್ಣದೊಂದು. ಆ ದಿನ ಲೇಸರ್ ಪಾಯಿಂಟರ್ ಕೊಟ್ಟರೆ ತೆಗೆದುಕೊಳ್ಳಬೇಡ. ಕೈ ಸ್ವಲ್ಪ ನಡುಗಿದರೂ ಆ ಕೆಂಪು ಚುಕ್ಕೆ ಪರದೆ ತುಂಬ ಕುಣಿಯುತ್ತದೆ, ನಿನ್ನ ಹೆದರಿಕೆ ಹಿಂದಿನ ಬೆಂಚಿನವರಿಗೂ ಕಾಣುತ್ತದೆ. ಪರದೆಯ ಹತ್ತಿರ ಹೋಗಿ ಕೈಯಿಂದಲೇ ತೋರಿಸು.